ಐದನೇದು ಎಲ್ಲಿ

ನಂದು ಲಗ್ನದ ಡಿಜೆ ಅಂಗಡಿ, ಶಹಾಬಾದ್ ಸ್ಟೇಷನ್ ರೋಡಿನ್ಯಾಗ.
ಬಾರಾತಿಗೆ ಬಾಕ್ಸು, ಉರುಸಿಗೆ ಬಾಕ್ಸು,
ಎಲೆಕ್ಷನ್ ಬಂದ್ರ ಎರಡೂ ಪಾರ್ಟಿಗೆ ಅವೇ ಬಾಕ್ಸು.
ಆಟೋದ ಮ್ಯಾಲ ಯಾರು ಒದರಿದ್ರೂ
ಬಾಡಿಗಿ ಖದೀರಗ ಬರ್ತದ.

ಪಂಚಶೀಲಾ ಬರಿಗೈಲೆ ಬಂದಿದ್ಲು.
"ಬರದಿಟ್ಟಿಲ್ಲೇನು?" ಅಂದೆ.
"ಬರದ್ರ ತಣ್ಣಗಾಗ್ತದ.
ಒಂಬತ್ತು ಅವ. ಹಾಡಂಗಿಲ್ಲ, ಮಾತಾಡ್ತೀನಿ.
ಎಲ್ಲಾ ಕೂಡಿ ಒಂದು ಆಲ್ಬಂ. ಹೆಸರು: ಫರಸಿ."

ಬೀಟು ನೆಟ್ಟಿನ್ಯಾಗ ಪುಕ್ಕಟ ಸಿಗ್ತಾವ ಅಂದ್ರ ಕೇಳಲಿಲ್ಲ.
ನಡು ಮಧ್ಯಾಹ್ನ ಖಣಿಗೆ ಕರಕೊಂಡು ಹೋದ್ಲು.
ಉಳಿ ಮ್ಯಾಲ ಸುತ್ತಿಗಿ, ಟಣ್, ಟಣ್ಣಟಣ್,
"ಇದಲ್ಲ, ತಡಿ.
ಪದರು ಬಿಡೋ ಮುಂದ ಕಲ್ಲು ಒಂದು ಉಸಿರು ಬಿಡ್ತದ.
ಅದನ್ನ ಹಿಡಿ."
ಮೂರು ದಿನ ಹಿಡಿದ್ವಿ.

ಅಂಗಡಿ ಹಿಂದಿನ ಕೋಣಿ. ಗ್ವಾಡಿಗೆ ಅಮ್ಮೀಜಾನ್‌ನ ಕೌದಿ.
ಸದ್ದಾಗ್ತದಂತ ಫ್ಯಾನ್ ಬಂದ್. ಮೇ ತಿಂಗಳು.
ಹೊರಗ ಕಟ್ಟಿ ಮ್ಯಾಲ ಅವರಪ್ಪ ಭೀಮಶಾ,
ಮಗಳನ್ನ ಮನೀಗೆ ಕರಕೊಂಡು ಹೋಗ್ಲಿಕ್ಕ ಕುಂತಾವ,
ಕೆಮ್ಮಿದ.
"ಕೆಮ್ಮು ಬಂತು ನೋಡು, ಅಳಿಸ್ತೀನಿ."
"ಬ್ಯಾಡ. ಅದರ ಮ್ಯಾಲೇ ನಾ ಎರಡನೇ ಸಾಲು ಎತ್ತಿಕೊಂಡೀನಿ."

ಎರಡನೇದು ಸರ್ಟಿಫಿಕೇಟಿಂದು: ಮುನ್ನೂರಾ ಎಪ್ಪತ್ತೊಂದು ಜೆ.
ಆ ಜೆ ಅನ್ನೋದನ್ನ ಹದಿನಾರು ಸಲ ಅಂತಾಳ.
ಅಂತಾ ಅಂತಾ ಅದು ಜೇಬಾಗ್ತದ, ಜೇಲಾಗ್ತದ,
ಕಡೀಕ ಖಾಲಿ ಜೋಳಿಗಿ.
ಮೂರನೇದು, ನಿಂದೊಂದು ಕನ್ನಡಾನೇನು
ಅಂತ ನಕ್ಕ ಕಾಲೇಜು ಸರ್‌ಗೆ.
ನಾಲ್ಕನೇದು ಹಿಂಗ ಸುರು ಆಗ್ತದ:

ನೀ ನಿಂತ ನೆಲ ನಮ್ಮಪ್ಪ ಸೀಳ್ಯಾನ.
ನಿಂತೇ ಮಾತಾಡ್ತಿ, ಒಮ್ಮೆ ಕುಂತು ನೋಡು.
ತಣ್ಣಗದ, ಅಲ್ಲ?
ಆ ತಂಪು ಅವನ ಎದಿಯಾಗಿಂದು.

ಐದನೇದ್ರಾಗ ಬೀಟಿಲ್ಲ. ಬರೇ ಹೆಸರು.
ಧೂಳು ನುಂಗಿ ಉಸಿರು ನಿಂತೋರು, ಹದಿನಾಲ್ಕು.
ಆಮ್ಯಾಲ ಖಣಿ ಮಾಲಕಂದು, ಒಂದು.
ಆ ಮಾಲಕನ ಮಗನ ಲಗ್ನಕ್ಕ ನಂದೇ ಡಿಜೆ.
ಅಡ್ವಾನ್ಸ್ ಇಸಕೊಂಡು ಹೊಸ ಆಂಪ್ಲಿಫೈಯರ್ ತಂದಿದ್ದೆ.

ರಾತ್ರಿ ಹನ್ನೊಂದಕ್ಕ ಡಿಲೀಟ್ ಒತ್ತಿದೆ.
ಖರೇನೇನು, ಅಂತ ಕೇಳ್ತು ಕಂಪ್ಯೂಟರು.
ಹೌದು ಅಂದೆ.
ನನ್ನ ಜನ್ಮದಾಗ ಯಾರೂ ಅಷ್ಟು ಮರ್ಯಾದಿಲೆ ಕೇಳಿರಲಿಲ್ಲ.

ಆಲ್ಬಂ ಫೋನಿಂದ ಫೋನಿಗೆ ಹೋತು.
ಟಂಟಂದಾಗ, ತೊಗರಿ ಮಿಲ್ಲಿನ್ಯಾಗ, ಹಾಸ್ಟೆಲ್ಲಿನ್ಯಾಗ.
ಆಮ್ಯಾಲ ಠಾಣೆಯಿಂದ ಕರಿ ಬಂತು, ಇಬ್ಬರಿಗೂ.

ಸಾಹೇಬ್ರು ಕಿವಿಗೆ ವೈರು ಇಟ್ಕೊಂಡು ಕೇಳಿದ್ರು.
ಮೇಜಿನ ಕೆಳಗ ಬೂಟು ತಾಳ ಹಾಕ್ತಿತ್ತು, ಅವರಿಗೆ ಗೊತ್ತಿಲ್ಲ.
"ಇದರಾಗ ನೀ ಅಂದ್ರ ಯಾರವ್ವ?"
ಆಕಿ ಮಾತಾಡಲಿಲ್ಲ. ನೆಲ ನೋಡಿದ್ಲು.
ಅವರೂ ನೋಡಿದ್ರು.
ಬೂದಿ ಬಣ್ಣದ ಫರಸಿ, ಒಂದು ಮೂಲಿ ಒಡದದ.
ಬೂಟು ನಿಂತ್ತು. ಸಣ್ಣಗ ಹಿಂದ ಸರೀತು.

"ಮತ್ತ, ನಾಲ್ಕಾದ ಮ್ಯಾಲ ಆರು ಅದ.
ಐದನೇದು ಎಲ್ಲಿ?"
ಆಗ ಆಕಿ ನನ್ನ ಕಡಿ ತಿರುಗಿದ್ಲು.
"ಹಾಳಾಗ್ಯದ ಸರ್," ಅಂದೆ. ಹೆಂಗ, ಹೇಳಲಿಲ್ಲ.
ನನ್ನ ಕೊರಳು ನನಗೇ
ಎಲೆಕ್ಷನ್ ಆಟೋದಾಗಿಂದು ಕೇಳಿಸ್ತು.

ಹೊರಗ ಬೇವಿನ ಗಿಡದ ಕೆಳಗ ಚಪ್ಪಲಿ ಮೆಟ್ಟಗೋತ
ಬೈತಾಳ ಅಂತ ನಿಂತೆ.
"ನಂಬರ್ ತಿದ್ದಬ್ಯಾಡ.
ಆ ಜಾಗ ಹಂಗೇ ಇರ್ಲಿ," ಅಂದ್ಲು.
ಅಷ್ಟೇ.

ಈಗ ಹುಡುಗ್ರು ಅಂಗಡಿಗೇ ಬರ್ತಾರ:
ಚಾಚಾ, ಐದನೇದು ಎಲ್ಲಿ?
ಖಣಿ ದಾಟಿ ಹೋಗ್ರಿ ಅಂತೀನಿ, ನೀಲಿ ತಗಡಿನ ಬಾಗಲಾ,
ಸಂಜೀಕ ಕಟ್ಟಿ ಮ್ಯಾಲ ಕುಂತಿರ್ತಾಳ, ಕೇಳ್ರಿ.
ಅದು ಆಕಿ ಬಾಯಾಗ ಅದ, ಅಲ್ಲಿಗೆ ನನ್ನ ಕೈ ಮುಟ್ಟಂಗಿಲ್ಲ.

ಹೋದ ವಾರ ಕೇಳಿ ಬಂದ ಹುಡುಗ
ಎಣಿಸಿ ಹೇಳಿದ: ಮಾಲಕನ್ನ ಬಿಟ್ಟು ಹದಿನೈದು.
ಯಾರು ಹೆಚ್ಚಾದೋರು, ನಾ ಕೇಳಲಿಲ್ಲ.

ಶಟರ್ ಎಳದು, ಫ್ಯಾನ್ ಬಂದ್ ಮಾಡಿ
ಮೊದಲನೇದು ಹಚ್ಚಿದೆ.
ಇನ್ನೂ ಅದ ಅದು,
ಹನ್ನೆರಡನೇ ಸೆಕೆಂಡಿಗೆ,
ಕೌದಿ ಆಚಿ ಕಡಿಂದ, ಸಣ್ಣಗ.