ದ್ರಾಕ್ಷಿ

ಚಿಂತಾಮಣಿಯ ಸರ್ಕಾರಿ ಆಸ್ಪತ್ರೆಯಲ್ಲಿ
ನಾನು ಬೆರಳು ಚುಚ್ಚುವವಳು.
ಬುಧವಾರ ಬಸುರಿಯರ ಸಾಲು.
ಹನ್ನೊಂದು ಇರಬೇಕು ರಕ್ತ.
ಅಶ್ವತ್ಥಮ್ಮನದು ಏಳೂವರೆ.

ಏನು ಊಟ ಮಾಡ್ತೀಯಮ್ಮಾ ಅಂದರೆ
ಗೋಡೆ ನೋಡಿಕೊಂಡು ಓದುತ್ತಾಳೆ:
ಸೊಪ್ಪು, ಕಾಳು, ದಾಳಿಂಬೆ, ಖರ್ಜೂರ.
ಗೋಡೆಯ ಮೇಲೆ ಅಷ್ಟೇ ಇರುವುದು, ಬಣ್ಣದಲ್ಲಿ.

ನಾಲ್ಕನೇ ಕ್ಲಾಸಲ್ಲಿ ಮೇಷ್ಟ್ರು
ನಿನ್ನೆ ರಾತ್ರಿ ಉಂಡಿದ್ದು ಬರೀರಿ ಅಂದಾಗ
ನಾನು ಬರೆದಿದ್ದೆ:
ಮುದ್ದೆ. ದ್ರಾಕ್ಷಿ.

ಮುದ್ದೆ ಜೊತೆ ದ್ರಾಕ್ಷೀನಾ? ಅಂದರು ಮೇಷ್ಟ್ರು.
ಕ್ಲಾಸೆಲ್ಲ ನಕ್ಕಿತು.
ಹಿಂದಿನ ಸಾಲಲ್ಲಿ ಇಬ್ಬರು ಮಾತ್ರ ನಗಲಿಲ್ಲ.

ಕುರಿಯ ಗುರ್ದಾ ಅವರೆಕಾಳಿನ ಹಾಗೆ, ಒಂದೇ ನುಣುಪು.
ಕರುವಿನದು ಹಾಗಲ್ಲ,
ಗುಂಡುಗುಂಡಾಗಿ ಒತ್ತಿಕೊಂಡ ಗೊಂಚಲು,
ಸುತ್ತ ಬಿಳೀ ಕೊಬ್ಬು, ಹತ್ತಿಯಲ್ಲಿ ಇಟ್ಟ ಒಡವೆಯಂತೆ.
ಬಾಡಿಗೆ ಮನೆಯ ಗೋಡೆ ತೆಳು.
ಅದಕ್ಕೇ ಅಮ್ಮ ಇಟ್ಟ ಹೆಸರು ಅದು.

ಖುದ್ದೂಸ್ ಸಾಬರ ಅಂಗಡಿಗೆ ಅವಳು ಹೋಗುತ್ತಿದ್ದದ್ದು ತಡವಾಗಿ,
ತೊಡೆ ಪಕ್ಕೆ ಎಲ್ಲ ಮುಗಿದ ಮೇಲೆ.
ಪಾಪಕ್ಕ, ಇದು ಯಾರೂ ಒಯ್ಯಲ್ಲ, ನೀನೇ ಹಾಕ್ಕೊ,
ಎಂದು ಎಲೆಯಲ್ಲಿ ಸುತ್ತಿ ಕೊಡುತ್ತಿದ್ದರು,
ತೂಕಕ್ಕೆ ಹಾಕದೆ.

ಸೀಳಿ, ನಡುವಿನ ಬಿಳೀ ನರ ಕಿತ್ತು,
ಉಪ್ಪುನೀರಲ್ಲಿ ಮೂರು ಸಲ.
ಆದರೂ ಒಂದು ವಾಸನೆ ಉಳಿಯುತ್ತಿತ್ತು,
ಸುಳ್ಳು ಹೇಳುವುದಿಲ್ಲ.
ಮೆಣಸು, ಬೆಳ್ಳುಳ್ಳಿ, ಬಿರುಸು ಬೆಂಕಿ,
ನಾಲ್ಕು ನಿಮಿಷ.
ಐದಾದರೆ ಚಪ್ಪಲಿಯ ಅಟ್ಟೆ.

ತಂಗಿ ಹುಟ್ಟಿದಾಗ ಅಮ್ಮನಿಗೆ ಹೋದ ರಕ್ತ ಎಷ್ಟೋ,
ಅಳೆದವರಿಲ್ಲ.
ಮೂರನೇ ತಿಂಗಳಿಗೆ ಅವಳು
ಕಲ್ಲು ಹೊರಲು ಹೋದಳು, ಅದು ಗೊತ್ತು.
ಕಬ್ಬಿಣ, ಫೋಲೇಟು, ಬಿ ಹನ್ನೆರಡು
ಎಂದು ನಾನು ಪರೀಕ್ಷೆಗೆ ಉರು ಹೊಡೆಯುವಾಗ
ಒಂದೊಂದಕ್ಕೂ ಆ ಬಾಣಲೆಯ ಸದ್ದು ಕೇಳುತ್ತಿತ್ತು.
ಯಾರೂ ಒಯ್ಯದ್ದರಲ್ಲೇ ಎಲ್ಲ ಇತ್ತು.

ಇಷ್ಟು ಹೇಳಿ, ಇದನ್ನೂ ಹೇಳಬೇಕು:
ಅಪ್ಪನ ಕಾಲಿನ ಹೆಬ್ಬೆರಳು ಟೊಮೆಟೊದಂತೆ ಊದಿ
ಯೂರಿಕ್ ಆಸಿಡ್ ಎಂದರು ಡಾಕ್ಟರು, ಬಾಣಲೆ ನಿಲ್ಲಿಸಿದರು.
ಕಾರ್ಜವನ್ನು ಬಸುರಿಯರು ದಿನಾ ತಿಂದರೆ
ಕೂಸಿಗೆ ಎ ವಿಟಮಿನ್ನಿನ ಹೊರೆ.
ಅಮೃತ ಅಂತ ನಾನು ಯಾವುದಕ್ಕೂ ಹೇಳುವವಳಲ್ಲ.

ಈಗ ಆ ಅಂಗಡಿಯ ಬಾಗಿಲಿಗೆ ಬೀಗ.
ಸಾಬರ ಮಗ ಅಲ್ಲೇ ಪಕ್ಕದಲ್ಲಿ
ಮೊಬೈಲಿನ ಗಾಜು ಅಂಟಿಸುತ್ತಾನೆ.
ಗೊಂಚಲು ಎಂದರೆ ಈಗ ತೋಟದ್ದೇ,
ಔಷಧಿ ಹೊಡೆದು, ಪೆಟ್ಟಿಗೆ ತುಂಬಿ, ಲಾರಿ ಹತ್ತುವುದು.
ಕುರಿಯ ಗುರ್ದಾ ಸಿಗುತ್ತದೆ;
ಹೋಟೆಲಿನವರು ಬೆಳಗ್ಗೆ ಆರಕ್ಕೇ ಹಿಡಿಯುತ್ತಾರೆ.
ಯಾರೂ ಒಯ್ಯದ್ದಕ್ಕೂ ಈಗ ರೇಟು.

ಅಶ್ವತ್ಥಮ್ಮನ ಚೀಟಿಯಲ್ಲಿ
ಡಾಕ್ಟರಮ್ಮ ಬರೆದದ್ದು ಕೆಂಪು ಮಾತ್ರೆ.
ತಪ್ಪದೆ ನುಂಗು ಎಂದೆ.
ಮಾತ್ರೆ ನುಂಗಿದರೆ ಹೊಟ್ಟೆ ತೊಳಸತ್ತೆ ಎಂದಳು.
ಊಟದ ಮೇಲೆ ನುಂಗು ಎಂದೆ.
ಆಮೇಲೆ, ಹತ್ತಿಯ ತುಂಡು ಅವಳ ಬೆರಳಿಗೆ ಒತ್ತುತ್ತಾ,
ಹಿಂದೆ ನಿಂತವರಿಗೆ ಕೇಳದ ಹಾಗೆ:
ದ್ರಾಕ್ಷಿ ಗೊತ್ತಾ?

ಗೋಡೆ ಬಿಟ್ಟು ನನ್ನನ್ನು ನೋಡಿದಳು.
ಹೆಸರಿನ ಪಟ್ಟಿ ನೋಡಿದಳು, ಕೈಬಳೆ ನೋಡಿದಳು,
ಯಾವ ಕೇರಿ ಎಂದು ಕೇಳಲಿಲ್ಲ.

ನಮ್ಮನೇಲಿ ಅದಕ್ಕೆ
ಬದನೆಕಾಯಿ ಅಂತೀವಿ ಮೇಡಂ, ಅಂದಳು.

ಇಬ್ಬರೂ ನಕ್ಕೆವು.
ಮುಂದಿನವಳು ಆಗಲೇ ಬೆರಳು ಚಾಚಿದ್ದಳು.