ತೂಕ ಹಾಕಿದವಳು

ಸಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ
ಆಂಜಿನಪ್ಪನ ಸೈಬರ್ ಅಂಗಡಿ.
ಗಡುವು ಇವತ್ತು ರಾತ್ರಿಗೆ, ಅಂಗಡಿ ಮುಚ್ಚೋದು ಎಂಟಕ್ಕೆ.
ಒಂದು ಗಂಟೆಯಿಂದ ಕೂತಿದ್ದೇನೆ
'ಆಪ್ಷನ್ ಒಂದು' ಎಂಬ ಖಾಲಿ ಚೌಕದ ಮುಂದೆ.

"ನಿಂಗೇನಮ್ಮ ಯೋಚನೆ, ಕಂಪ್ಯೂಟರ್ ಹಾಕು," ಅಂತಾನೆ ಆಂಜಿನಪ್ಪ.
ಅವನ ಅಂಗಡಿಯ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟವಳು ನಾನು.
ಕೂಲಿ, ದಿನಕ್ಕೊಂದು ಗಂಟೆ ಪುಕ್ಕಟೆ ನೆಟ್ಟು,
ಹಬ್ಬಕ್ಕೊಂದು ಬಾದಾಮಿ ಹಾಲು.
ಚಿಕ್ಕಪ್ಪನ ಮಗ ಮುದಸ್ಸಿರನದು ಅಡ್ಡವಾದ:
"ಬರೋದನ್ನೇ ಕಲಿಯೋಕೆ ಯಾಕೆ ಫೀಸು?"

ಬರೋದು ಎಂಥದು ಅಂತ ನನಗೆ ಗೊತ್ತು.
ಬಿರುಕು ಬಿಟ್ಟ ಫೋನಿನಲ್ಲಿ, ನೂಲು ಬಿಚ್ಚುವ ಮೋಟಾರಿನ ಸದ್ದಿನಲ್ಲಿ
ಓದಿಕೊಂಡದ್ದು. ಒಂದು ಪದವನ್ನೂ
ಯಾರ ಬಾಯಲ್ಲೂ ಕೇಳಿದ್ದಿಲ್ಲ.
ಎರಡು ವರ್ಷ 'ಕ್ಯೂ'ವನ್ನು 'ಕ್ವೆಯು' ಅನ್ನುತ್ತಿದ್ದೆ.
ಗಿರಿಜಾಂಬ ಮಿಸ್ ಎದುರು ಹಾಗೇ ಅಂದೆ,
ಮಿಸ್ ನಗಲಿಲ್ಲ, ಅವರಿಗೆ ಅರ್ಥವಾದರೆ ತಾನೆ!
ರೇಷನ್ ಅಂಗಡಿಯಲ್ಲಿ ತಿಂಗಳು ತಿಂಗಳು ನಿಂತ ಸಾಲೇ ಅದು
ಅಂತ ತಿಳಿದ ದಿನ ಒಬ್ಬಳೇ ನಕ್ಕೆ.
ಹೀಗೆ ತೂತು ತೂತು ನನ್ನ ವಿದ್ಯೆ.
ಜರಡಿಗೂ ತೂತೇ, ಆದರೆ
ರಾಗಿಹಿಟ್ಟು ಇಳಿಯೋದು ಅಲ್ಲಿಂದಲೇ.

ಮೊನ್ನೆ, ಏನು ಓದಲಿ ಅನ್ನೋದಕ್ಕೂ ಒಂದು ಪ್ರೋಗ್ರಾಂ ಬರೆದೆ.
ಫೀಸಿಗೆ ಇಷ್ಟು ತೂಕ, ಬಸ್ಸಿನ ದೂರಕ್ಕೆ ಇಷ್ಟು,
ಕೆಲಸಕ್ಕೆ ಇಷ್ಟು, ಅಮ್ಮಿಯ ನಿದ್ದೆಗೆ ಇಷ್ಟು.
ಕಂಪ್ಯೂಟರ್ ಸೈನ್ಸ್ ಮೊದಲು ಬಂತು.
ತೂಕ ಬದಲಿಸಿದೆ. ಮತ್ತೆ ಅದೇ.
ಇನ್ನೊಂಚೂರು ಬದಲಿಸಿದೆ.
ಹನ್ನೊಂದನೇ ಸಲ ಕೈ ತಡೆಯಿತು:
ಉತ್ತರ ಬಂದ ಮೇಲೂ
ತಕ್ಕಡಿಗೆ ಬೆರಳು ಒತ್ತುತ್ತಿರುವವಳು ಯಾರು?
ಮಾರ್ಕೆಟ್ಟಿನಲ್ಲಿ ಹಾಗೆ ಮಾಡಿದವರಿಗೆ
ಅಬ್ಬಾ ಬೈಯೋದನ್ನು ನೀವು ಕೇಳಬೇಕು.

ಅಬ್ಬಾಗೂ ಒಂದು ಬರೆದುಕೊಟ್ಟಿದ್ದೆ, ಹೋದ ವರ್ಷ.
ಲಾಟಿನ ತೂಕ, ಊರು, ಮೋಡ, ಬಿಸಿಲು ಎಲ್ಲ ತುಂಬಿದರೆ
ಎಷ್ಟು ಕೇಜಿ ಗೂಡಿಗೆ ಒಂದು ಕೇಜಿ ರೇಷ್ಮೆ ಅಂತ ಹೇಳುತ್ತಿತ್ತು.
ನೋಡಿ "ಮಾಷಾ ಅಲ್ಲಾ" ಅಂದರು.
ಆಮೇಲೆ ಒಂದು ಗೂಡು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ,
"ಈ ಲಾಟು ಬೇಡ ಬಿಡು."
ಅವರೇ ಸರಿ.
ಆ ಸದ್ದಿಗೆ ನನ್ನ ಪಟ್ಟಿಯಲ್ಲಿ ಕಾಲಂ ಇರಲಿಲ್ಲ.

ಅವತ್ತು ಹೊಳೆಯಿತು,
ಹದಿನೆಂಟು ವರ್ಷ ಈ ವಾಸನೆಯಲ್ಲೇ ಮಲಗೆದ್ದರೂ
ಬದುಕಿದ ಹುಳುವೊಂದನ್ನು ಅಂಗೈಮೇಲೆ ಬಿಟ್ಟುಕೊಂಡವಳಲ್ಲ ನಾನು.
ಮನೆಗೆ ಬರೋದು ಗೂಡು, ಹೋಗೋದು ನೂಲು,
ಬಾಂಡ್ಲಿಯ ತಳದಲ್ಲಿ ಉಳಿಯೋದು ಬೆಂದದ್ದು.
ಗೂಡು ತರುವ ಚೌಡಮ್ಮ ಹೇಳುತ್ತಾಳೆ,
"ನಾಕು ಜ್ವರ ಅವಕ್ಕೆ ಕಣಮ್ಮಿ. ಜ್ವರ ಬಂದ್ರೆ ತಲೆ ಎತ್ಕಂಡು ನಿದ್ದೆ.
ಎದ್ರೆ ಹಳೇ ಚರ್ಮ ಅಲ್ಲೇ ಬಿದ್ದಿರ್ತದೆ.
ಐದನೇದ್ರಾಗೆ ಎಲೆ ತಿನ್ನೋದು ಕೇಳ್ಬೇಕು,
ಮೊರಕ್ಕೆ ಹುರಗಡ್ಲೆ ಸುರಿದಂಗೆ."
ನಾನು ಕೇಳಿಲ್ಲ.

ಚಿಂತಾಮಣಿಯ ರೇಷ್ಮೆ ಕಾಲೇಜು ಅಂತ ಫೋನಿನಲ್ಲಿ ಅಂದೆ.
ಆ ಕಡೆ ಮೋಟಾರು ನಿಂತಿತು.
"ಈ ವಾಸನೆ ಬಿಡಿಸೋಕೆ ಓದಿಸಿದ್ದು.
ನೀನು ಹುಳದ ಹತ್ರಾನೇ ಹೋಗ್ತೀನಿ ಅಂತೀಯ."
"ಕಂಪ್ಯೂಟರು ನನ್ನ ಹತ್ರ ಇದ್ದೇ ಇದೆಯಲ್ಲ ಅಬ್ಬಾ."
ಮಾತಿಲ್ಲ.
ಸ್ವಲ್ಪ ಹೊತ್ತಿಗೆ ಮೋಟಾರು ಮತ್ತೆ ಶುರುವಾಯಿತು.
ಒಪ್ಪಿದರೋ, ಕಡಿದ ನೂಲು ಸೇರಿಸಿದರೋ, ತಿಳಿಯಲಿಲ್ಲ.

ಆಂಜಿನಪ್ಪ ಅರ್ಧ ಷಟರ್ ಎಳೆದಿದ್ದಾನೆ.
ನನಗೆ ಸೊನ್ನೆಯಿಂದ ಎಣಿಸಿ ಅಭ್ಯಾಸ,
ಈ ಫಾರಂ ಒಂದರಿಂದ ಶುರು.
ಸೊನ್ನೆಯ ಜಾಗದಲ್ಲಿ ಇರೋದು ಇರಲಿ,
ಅದನ್ನು ಇವರು ಕೇಳಿಲ್ಲ.
ಒಂದರಲ್ಲಿ ತುಂಬಿದೆ.
ಅವನು ಬಗ್ಗಿ ನೋಡಿ, ಕನ್ನಡಕ ಮೇಲೇರಿಸಿ,
"ಸರಿ. ಎರಡಕ್ಕೆ?" ಅಂದ.