ಖಾಲಿ ಕಲ್ಲಿನ ಸದ್ದು

ಮೂರು ಫೇಸಿನ ಕರೆಂಟಿನ ಜೊತೆ
ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳು ನಾನು,
ಶಿವಮೊಗ್ಗ ಹೊಸಮನೆಯ ಗಿರಣಿ ಕುಸುಮಕ್ಕ.
'ಕರೆಂಟು ಕೊಡ್ತಾರಂತೆ ನಿಂಗೆ' ಎಂದು
ನಾದಿನಿ ವನಮಾಲ ಸೆರಗು ಬಾಯಿಗಿಟ್ಟು ಅತ್ತಾಗ
ನನಗೆ ಮೊದಲು ಹೊಳೆದದ್ದು ಮೆಸ್ಕಾಂ ಬಿಲ್ಲು.
ನಗು ಬರಬೇಕಿತ್ತು. ಬರಲಿಲ್ಲ.
ಆ ವರ್ಷ ಯಾವುದೂ ಬರುತ್ತಿರಲಿಲ್ಲ.

ಗಿರಣಿಯವರ ಕಣ್ಣು ಕಿವಿಯಲ್ಲಿ.
ರಾಗಿ ಬಿದ್ದರೆ ಕಲ್ಲು ಗೊಣಗುತ್ತದೆ,
ಅಕ್ಕಿಗೆ ಸುಯ್ ಎಂದು ಹಗುರ,
ಕಡಲೆಬೇಳೆಗೆ ಮೊದಲು ಜಗಳ, ಆಮೇಲೆ ರಾಜಿ.
ಹಿಟ್ಟು ಮುಟ್ಟದೆಯೇ ಹೇಳುತ್ತಿದ್ದೆ:
'ಇನ್ನೊಂದು ಸುತ್ತು ಬೇಕು', 'ಸಾಕು, ಚೀಲ ಹಿಡಿ.'
ಒಂದೇ ಸದ್ದಿಗೆ ಊಟ ಬಿಟ್ಟು
ಎಂಜಲು ಕೈಯಲ್ಲಿ ಓಡಿಬರುತ್ತಿದ್ದೆ:
ಕಾಳು ಮುಗಿದ ಮೇಲೂ ತಿರುಗುವ ಕಲ್ಲು
ಕಲ್ಲನ್ನೇ ತಿನ್ನುವ ಸದ್ದು.
ಹಾಗಿತ್ತು ಆ ವರ್ಷ, ತಲೆಯೊಳಗೆ.
ಸ್ವಿಚ್ಚು ಎಲ್ಲಿದೆಯೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ವಾರಕ್ಕೆ ಮೂರರಂತೆ ಬೆಳಗುಗಳು.
ರಾತ್ರಿಯಿಂದ ಬಾಯಿಗೆ ನೀರಿಲ್ಲ.
ಮೂಗುತಿ, ಉಂಗುರ ವನಮಾಲಳ ಪರ್ಸಿಗೆ,
ಕೈಗೆ ಸೂಜಿ, ಹಲ್ಲಿಗೆ ರಬ್ಬರು,
ಹತ್ತರಿಂದ ಹಿಂದಕ್ಕೆ ಎಣಿಸಿ ಎನ್ನುವರು;
ಏಳು ದಾಟಿ ನಾನು ಯಾವತ್ತೂ ಹೋಗಲಿಲ್ಲ.
ಎದ್ದಾಗ ದವಡೆ ನೋವು, ಒಂದು ಲೋಟ ಚಹಾ,
ಇವತ್ತು ಯಾವ ವಾರ ಎಂಬ ಪ್ರಶ್ನೆ.

ಐದನೆಯದರ ಮೇಲೆ ಹಸಿವಾಯಿತು.
ಆರರ ಮೇಲೆ, ಕ್ಯಾಂಟೀನಿನ ಇಡ್ಲಿ ಮುರಿದು
'ರವೆ ದಪ್ಪ ಬಿದ್ದಿದೆ' ಎಂದೆ.
ವನಮಾಲ ಅಲ್ಲೇ ಕೂತು ಮತ್ತೆ ಅತ್ತಳು, ಬೇರೆ ಥರ.

ಏಳರ ಮೇಲೆ ಶುರುವಾಯಿತು ಇದು.
ಎಡಗಿವಿಯಲ್ಲಿ, ಸಣ್ಣಗೆ, ಕುಯ್ಯ್ ಎಂದು,
ಯಾರೋ ಟೀವಿ ಆರಿಸಲು ಮರೆತ ಹಾಗೆ.
ರಾತ್ರಿ ಎದ್ದು ಪ್ಲಗ್ಗುಗಳನ್ನೆಲ್ಲ ಕಿತ್ತೆ. ಫ್ರಿಜ್ಜಿನದನ್ನೂ.
ತಾಳಗುಪ್ಪದ ರೈಲು ಹೋಯಿತು, ಅದರಡಿಯಲ್ಲಿ ಇದು;
ರೈಲು ಹೋದ ಮೇಲೂ ಇದು.

ಡಾಕ್ಟರು ಪೆನ್ನು ತಿರುಗಿಸಿದರು.
'ಕೆಲವರಿಗೆ ಆಗುತ್ತದೆ. ತಾನೇ ಹೋಗಲೂಬಹುದು.
ಚಿಕಿತ್ಸೆಯದೋ, ಮಾತ್ರೆಯದೋ,
ಇಷ್ಟು ವರ್ಷದ ನಿಮ್ಮ ಗಿರಣಿಯದೋ, ಖಚಿತ ಹೇಳಲಾರೆ.'
ಗೊತ್ತಿಲ್ಲ ಎನ್ನುವ ಡಾಕ್ಟರನ್ನು ಅವತ್ತೇ ಮೊದಲು ನೋಡಿದ್ದು.
ಸಿಟ್ಟು ಬಂತು.
ಬಂತಲ್ಲ, ಎಂದುಕೊಂಡೆ.

ಕಿವಿ ಪರೀಕ್ಷೆಯ ಗೂಡಿನಲ್ಲಿ ಅಲ್ಫಿಯಾ ಎಂಬ ಹುಡುಗಿ
ಹೆಡ್‌ಫೋನು ತೊಡಿಸಲು ಬಂದಾಗ ಮೈ ಬಿಗಿಯಿತು:
ಹಣೆಯ ಇಕ್ಕೆಲಕ್ಕೂ ಮತ್ತೆ ಯಾರದೋ ಕೈ.
'ಸದ್ದು ಕೇಳಿದಾಗ ಬಟನ್ ಒತ್ತಿ ಆಂಟಿ.'
ಒತ್ತಿದೆ. ಒತ್ತಿದೆ. ಗಾಜಿನಾಚೆ ಅವಳ ಹುಬ್ಬು ಮೇಲೇರಿತು.
ಅವಳು ಕಳಿಸದೇ ಇದ್ದದ್ದಕ್ಕೂ ನನ್ನ ರಸೀದಿ.

ಎಂಟನೆಯದು ಬೇಕಾ, ಬಿಡೋಣವಾ ಎಂದು ಕೇಳಿದರು.
ಕಿವಿ ಕುಯ್ಯೆನ್ನುತ್ತಲೇ ಇತ್ತು.
ಉಂಗುರ ಬಿಚ್ಚಿ ವನಮಾಲಳಿಗೆ ಕೊಟ್ಟೆ.

ಈಗ ಅಕ್ಕಿಯ ಸದ್ದು ಸಿಗುವುದಿಲ್ಲ;
ಅದೂ ಇದೂ ಒಂದೇ ಎತ್ತರ, ಕಲಸಿಹೋಗಿವೆ.
ಹಿಟ್ಟಿಗೆ ಬೆರಳಿಟ್ಟು ನೋಡುತ್ತೇನೆ, ಹೊಸಬಳ ಹಾಗೆ.
'ಕರೆಂಟು ಕೊಟ್ಟು ಕಿವಿ ಹೋಯ್ತಂತೆ ಪಾಪ'
ಡಬ್ಬ ಹಿಡಿದ ಸಾಲಿನಲ್ಲಿ ಪಿಸುಮಾತು.
ಅದು ಮಾತ್ರ ಸ್ವಚ್ಛ ಕೇಳುತ್ತದೆ, ನೋಡಿ.

ಮೊನ್ನೆ ಗೋಧಿ ಮುಗಿದದ್ದು ಕೇಳಲಿಲ್ಲ.
ಅಂಗಾಲಿಗೆ ಗೊತ್ತಾಯಿತು, ನೆಲದ ನಡುಕ ಬೇರೆಯಾದದ್ದು.
ಎಂಜಲು ಕೈಯಲ್ಲೇ ಓಡಿ ಹ್ಯಾಂಡಲ್ ಎಳೆದೆ.
ಬೆಲ್ಟು ಸೋತು ಸೋತು ನಿಂತಿತು. ಕಲ್ಲು ನಿಂತಿತು.
ಆಚೆ ಯಾರೋ ಸ್ಕೂಟರಿಗೆ ಒದೆಯುತ್ತಿದ್ದರು.
ಇದೊಂದು ನಿಲ್ಲಲಿಲ್ಲ.
ಇದಕ್ಕೆ ಯಾವ ಕಾಳು ಸುರಿಯಬೇಕೋ.

'ಮುಂದಿನ ಡಬ್ಬ ಯಾರದ್ದು?' ಎಂದೆ.
ತುಸು ಜೋರಾಗಿಯೇ ಎಂದೆನೇನೋ,
ಸಾಲಿನಲ್ಲಿದ್ದ ಮಗುವೊಂದು
ಬೆಚ್ಚಿ, ಆಮೇಲೆ ನಕ್ಕಿತು.